ಐದನೆಯ ತುಂಡು

ಕಳೆದ ವಾರ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಎಸೆದು, ಶೂ ಕೂಡ ಬಿಚ್ಚದೆ ನನ್ನ ಮುಂದೆ ನಿಂತಳು. ಆಗಸ್ಟ್ ಹದಿನೈದಕ್ಕೆ ಏನೋ ಪ್ರಾಜೆಕ್ಟ್ ಅಂತೆ.

“ನಾನೀ, ನಿಮ್ಮ ದಾದಿಮಾ ಸ್ವಾತಂತ್ರ್ಯ ಹೋರಾಟದಲ್ಲಿದ್ರು ಅಂತ ಯಾವಾಗ್ಲೂ ಹೇಳ್ತೀರಲ್ಲ, ಅವ್ರದ್ದೊಂದು ಫೋಟೋ ಕೊಡಿ. ಇಲ್ಲಾಂದ್ರೆ ಸರ್ಟಿಫಿಕೇಟ್. ಏನಾದ್ರೂ ಪ್ರೂಫ್ ಬೇಕಂತೆ ಮಿಸ್‌ಗೆ.”

ನನಗೆ ನಗು ಬಂತು. ಅವಳ ವಯಸ್ಸಿನಲ್ಲಿ ನಾನೂ ಅದೇ ಪ್ರೂಫ್ ಹುಡುಕಿಕೊಂಡು ಹೊರಟವಳು. ಸಿಕ್ಕಿತ್ತು ಕೂಡ. ಸಿಕ್ಕಿದ್ದನ್ನು ನಾನೇ ಹಾಳು ಮಾಡಿದೆ. ಇವತ್ತು ನಂದಿನಿ ಲೇಔಟಿನ ಈ ಮನೆಯಲ್ಲಿ ಮೂರು ಬೀರುಗಳಿವೆ, ಅವುಗಳಲ್ಲಿ ನೂರು ಫೋಟೋಗಳಿವೆ. ದಾದಿಮಾಳದ್ದು ಒಂದೂ ಇಲ್ಲ. ಅವಳು ಕ್ಯಾಮೆರಾ ಮುಂದೆ ಕೂತವಳೇ ಅಲ್ಲ. ಆದ್ದರಿಂದ ಅವಳನ್ನು ನೋಡಬೇಕೆಂದರೆ ನನ್ನ ಜೊತೆ ರಾಜಾಜಿನಗರದ ಆ ಹಳೆಯ ಮನೆಗೇ ಬರಬೇಕು.

ಮನೆ ಅಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಭಾಗದಲ್ಲಿ ಮನೆ ಓನರ್ ಗಂಗಮ್ಮ, ಹಿಂದಿನ ಭಾಗದಲ್ಲಿ ನಾವು. ಮಧ್ಯದಲ್ಲಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಅದರ ಪಕ್ಕ ಒಂದು ನುಗ್ಗೇಮರ. ಅಬ್ಬಾ ಹತ್ತಿರದ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಸೈರನ್ ಕೂಗಿದರೆ ಇಡೀ ಬೀದಿ ತಿಂಡಿಗೆ ಕೂರುತ್ತಿತ್ತು. ನಮ್ಮ ದೊಡ್ಡ ಕೋಣೆಯೇ ಊಟದ ಮನೆ, ಮಲಗುವ ಮನೆ, ನಮಾಜಿನ ಮನೆ ಎಲ್ಲವೂ. ಅದರ ಕಿಟಕಿಯ ಮೂಲೆ ಮಾತ್ರ ದಾದಿಮಾಳದು. ಅಲ್ಲಿ ಅವಳ ಚರಕ, ನೂಲುವ ಹತ್ತಿಯ ಹಂಜಿ ತುಂಬಿದ ಬಿದಿರಿನ ಬುಟ್ಟಿ, ಮತ್ತು ಹಸಿರು ಬಣ್ಣದ ಒಂದು ತಗಡಿನ ಟ್ರಂಕು. ಟ್ರಂಕಿನ ತಳದಲ್ಲಿ ಹಳೆಯ ಓಢನಿಯೊಂದರಲ್ಲಿ ಸುತ್ತಿ, ಕರ್ಪೂರದ ಬಿಲ್ಲೆ ಹಾಕಿ ಇಟ್ಟಿದ್ದ ಬಿಳಿ ಖಾದಿಯ ಐದು ತುಂಡುಗಳಿದ್ದವು. ಅದು ಅವಳ ಕಫನ್. ತಾನು ಸತ್ತ ದಿನ ತನ್ನ ಮೈಗೆ ಸುತ್ತಬೇಕಾದ ಬಟ್ಟೆಯನ್ನು ಚಳುವಳಿಯ ಕಾಲದಲ್ಲಿ ತಾನೇ ನೂತು, ಪೇಟೆಯ ನೇಕಾರನೊಬ್ಬನಿಂದ ನೇಯಿಸಿ ಇಟ್ಟುಕೊಂಡಿದ್ದಳು. ಮನೆಯ ದೊಡ್ಡವರಿಗೆಲ್ಲ ಇದು ಗೊತ್ತು. ನನಗೆ ಗೊತ್ತಿರಲಿಲ್ಲ. ಮಕ್ಕಳ ಮುಂದೆ ಸಾವಿನ ಮಾತು ಎತ್ತಬಾರದು ಎಂಬುದು ಅಮ್ಮಿಯ ಕಾನೂನು. “ಅದು ದಾದಿಮಾ ಚಳುವಳೀಲಿ ನೂತ ಬಟ್ಟೆ, ಮುಟ್ಟಬೇಡ” ಎಂದಷ್ಟೇ ನನಗೆ ಹೇಳಿದ್ದರು. ಅರ್ಧ ಸತ್ಯ ಹೇಳಿದರೆ ಮಕ್ಕಳು ಇನ್ನರ್ಧವನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ದಾದಿಮಾ ಮಾಗಡಿ ಕಡೆಯವಳು. ಹದಿನಾರಕ್ಕೆ ಮದುವೆಯಾಗಿ ಬೆಂಗಳೂರಿನ ಪೇಟೆಗೆ ಬಂದರೂ ಮಾಗಡಿಯ ಕನ್ನಡವನ್ನೂ ಮುದ್ದೆಯನ್ನೂ ಬಿಡಲಿಲ್ಲ. ಮನೆಯಲ್ಲಿ ನಾವೆಲ್ಲ ದಖನಿ ಮಾತಾಡಿದರೆ ಅವಳು ಬೈಯುವುದಕ್ಕೂ ಮುದ್ದು ಮಾಡುವುದಕ್ಕೂ ಕನ್ನಡವನ್ನೇ ಹಿಡಿಯುತ್ತಿದ್ದಳು. ಶುಕ್ರವಾರ ಅಮ್ಮಿ ಅಕ್ಕರೆಯಿಂದ ತುಪ್ಪದನ್ನ ಮಾಡಿದರೆ ಇವಳು ಖೈಮಾ ಸಾರಿಗೆ ಮುದ್ದೆಯೇ ಬೇಕು ಎಂದು ಹಟ ಹಿಡಿದು ಕೂರುವಳು. ಅತ್ತೆ ಸೊಸೆಯ ದೊಡ್ಡ ಜಗಳ ಮಾತ್ರ ಊಟದ್ದಲ್ಲ, ಬಟ್ಟೆಯದು. ಅಮ್ಮಿಗೆ ನೈಲಾನ್ ಸೀರೆಯ ಹುಚ್ಚು. ದಾದಿಮಾ ಗಿರಣಿ ಬಟ್ಟೆಯನ್ನು ಮೈಗೆ ಸೋಕಿಸಿಕೊಂಡವಳೇ ಅಲ್ಲ. ಒಗೆಯುವ ಕಲ್ಲಿನ ಹತ್ತಿರ ವಾರಕ್ಕೊಂದು ಸಲ ಯುದ್ಧ.

“ನನ್ನ ಸೀರೆ ಒದರಿದ್ರೆ ಒಣಗುತ್ತೆ. ನಿಮ್ಮ ಖಾದಿ ನೆನೆದ್ರೆ ಎತ್ತೋಕೆ ಇಬ್ಬರು ಬೇಕು, ಒಣಗೋಕೆ ಎರಡು ದಿನ ಬೇಕು,” ಎಂದು ಅಮ್ಮಿ.

“ಒಣಗಕ್ಕೆ ಅವಸರ ಯಾಕಮ್ಮ, ನಿನಗೇನು ರೈಲು ಹಿಡಿಯೋದೈತಾ?” ಎಂದು ದಾದಿಮಾ.

ಮುಂದಿನ ಮನೆಯಿಂದ ಗಂಗಮ್ಮನ ನಗು ಕೇಳಿಸುತ್ತಿತ್ತು. ಗಂಗಮ್ಮ ದೊಡ್ಡಬಳ್ಳಾಪುರದ ನೇಕಾರರ ಮನೆಯ ಹೆಣ್ಣು. ಅವಳ ಅಣ್ಣನ ಮನೆಯಲ್ಲಿ ಆಗಲೂ ಕೈಮಗ್ಗ ಆಡುತ್ತಿತ್ತು. ಆದ್ದರಿಂದ ಈ ಜಗಳದಲ್ಲಿ ಅವಳು ಯಾವತ್ತೂ ಬೀಬಮ್ಮನ ಪಕ್ಷ. ಬೀದಿಯವರೆಲ್ಲ ದಾದಿಮಾಳನ್ನು ಬೀಬಮ್ಮ ಎಂದೇ ಕರೆಯುತ್ತಿದ್ದರು.

ಮಧ್ಯಾಹ್ನದ ನಮಾಜು ಮುಗಿಸಿ ದಾದಿಮಾ ಚರಕದ ಮುಂದೆ ಕೂತರೆ ನನಗೆ ಕಥೆಯ ಹೊತ್ತು. ಕಥೆ ಅಂದರೆ ರಾಜ ರಾಣಿಯದಲ್ಲ, ಅವಳದೇ. ಅವಳ ಗಂಡ, ನನ್ನ ದಾದಾ, ಪೇಟೆಯಲ್ಲಿ ಬುಕ್ ಬೈಂಡಿಂಗ್ ಮಾಡುತ್ತಿದ್ದರು. ಚಳುವಳಿ ಜೋರಾದಾಗ ಬ್ರಿಟಿಷರ ವಿರುದ್ಧದ ಕರಪತ್ರಗಳು ಅವರ ಅಂಗಡಿಗೇ ಬಂದು ಅಲ್ಲಿಂದ ಹಂಚಿಕೆಯಾಗುತ್ತಿದ್ದವು. ಪೊಲೀಸರು ಅಂಗಡಿಯ ಮೇಲೆ ಕಣ್ಣಿಟ್ಟರು. ಗಂಡಸರು ಚೀಲ ಹಿಡಿದು ಬೀದಿಗೆ ಬಂದರೆ ಸಾಕು, ತಪಾಸಣೆ. ಆಗ ಕಟ್ಟುಗಳು ಅಂಗಡಿ ಬಿಟ್ಟು ಮನೆಯ ಒಳಗೆ, ಹೆಂಗಸರ ಕೋಣೆಗೆ ಬಂದವು. ಅದು ರಂಜಾನ್ ತಿಂಗಳು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಮನೆಯಿಂದ ಮನೆಗೆ, ಮಸೀದಿಗೆ ತಿಂಡಿಯ ತಟ್ಟೆ ಕಳಿಸುವುದು ನಮ್ಮಲ್ಲಿ ಪದ್ಧತಿ. ತಟ್ಟೆಯ ಮೇಲೆ ಕಸೂತಿ ಹಾಕಿದ ಬಟ್ಟೆ ಮುಚ್ಚಿರುತ್ತಾರೆ. ದೊಡ್ಡ ತಾಮ್ರದ ತಟ್ಟೆಯ ತಳಕ್ಕೆ ಕರಪತ್ರ ಹಾಸಿ, ಅದರ ಮೇಲೆ ಬಾಳೆ ಎಲೆ, ಎಲೆಯ ಮೇಲೆ ತಿಂಡಿ ಜೋಡಿಸಿ, ಬುರ್ಖಾ ತೊಟ್ಟು ದಾದಿಮಾ ಮತ್ತು ಪಕ್ಕದ ಗಲ್ಲಿಯ ಇಬ್ಬರು ಹೆಂಗಸರು ಹೊರಡುತ್ತಿದ್ದರು. ಹೋಗುವಾಗ ಕರಪತ್ರ, ಬರುವಾಗ ಮುಂದಿನ ಕೆಲಸದ ಸುದ್ದಿ.

“ಒಂದಿನ ಮೂಲೇಲಿ ಪೊಲೀಸಪ್ಪ ಅಡ್ಡ ನಿಂತ,” ಎಂದು ದಾದಿಮಾ ಚರಕ ನಿಲ್ಲಿಸುತ್ತಿದ್ದಳು. ಕಥೆಯ ಆ ಜಾಗದಲ್ಲಿ ಯಾವಾಗಲೂ ನಿಲ್ಲಿಸುತ್ತಿದ್ದಳು. “ಏನಮ್ಮ ಅದು ಅಂದ. ರೋಜಾ ಬಿಡೋ ತಿಂಡಿ ಕಣಪ್ಪ ಅಂದೆ. ತಟ್ಟೆ ಗಡಗಡ ಸದ್ದು ಮಾಡ್ತಿತ್ತು. ಬಟ್ಟೆ ಮೂಲೆ ಎತ್ತಿ ಎರಡು ಸಮೋಸ ಅವನ ಕೈಗಿಟ್ಟೆ. ತಿಂತಾ ತಿಂತಾ ಹೋಗಮ್ಮ ಅಂದ.”

“ಹೋದ ಸಲ ಖರ್ಜೂರ ಅಂದಿದ್ದೆ, ದಾದಿಮಾ.”

“ಖರ್ಜೂರಾನೂ ಕೊಟ್ಟೆ ಕಣೇ. ಹಸಿದಿದ್ದ ಪಾಪ, ಅವನೂ ಯಾರೋ ತಾಯಿ ಮಗ.”

ಕರಪತ್ರವಿಲ್ಲದ ದಿನಗಳಲ್ಲಿ ನೂಲುವುದು. ಮದುವೆಗೆ ತಂದಿದ್ದ ವಿಲಾಯತಿ ಬಟ್ಟೆಯನ್ನೆಲ್ಲ ಗಲ್ಲಿಯ ಹೆಂಗಸರ ಜೊತೆ ಅವಳೂ ಬೆಂಕಿಗೆ ಕೊಟ್ಟಿದ್ದಳು. ಸ್ವರಾಜ್ಯ ಬರುವ ಹೊತ್ತಿಗೆ ನೂತ ನೂಲಿನ ಕೊನೆಯ ಲಡಿಗಳನ್ನು ಮಾತ್ರ ಯಾರಿಗೂ ಕೊಡದೆ ತನಗೆಂದು ಇಟ್ಟುಕೊಂಡಳು. ಅದೇ ಟ್ರಂಕಿನ ಬಟ್ಟೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಸ್ವಾತಂತ್ರ್ಯದ ಪಾಠ ಬಂತು. ನಿಮ್ಮ ಮನೆಯಲ್ಲಿ ಯಾರಾದರೂ ಚಳುವಳಿಯಲ್ಲಿದ್ದರಾ ಎಂದು ಸರೋಜಾ ಮಿಸ್ ಕೇಳಿದರು. ನಾನು ಎದ್ದು ನಿಂತು ನಮ್ಮ ದಾದಿಮಾ ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಿಸ್ ಕೆಟ್ಟವರಲ್ಲ, ನನ್ನ ಅಕ್ಷರ ಮುದ್ದಾಗಿದೆ ಎಂದು ಹೊಗಳುತ್ತಿದ್ದವರು. ಮೆತ್ತಗೇ ಹೇಳಿದರು.

“ನಿಮ್ಮ ಅಜ್ಜಿ ಗೋಷಾದಲ್ಲಿದ್ದೋರಲ್ವೇನಮ್ಮ? ಅವರೆಲ್ಲ ಆಗ ಮನೆ ಬಿಟ್ಟು ಬರ್ತಾನೇ ಇರ್ಲಿಲ್ಲ. ಕಥೆ ಹೇಳಿರ್ತಾರೆ ಬಿಡು. ಕೂತ್ಕೋ.”

ಕೂತೆ. ಕಿವಿ ಕಾದುಹೋಗಿತ್ತು. ಸಮೋಸ ಒಂದು ಸಲ ಖರ್ಜೂರವಾಗುತ್ತಿದ್ದದ್ದು ಬೇರೆ ನೆನಪಾಗಿ, ಕಥೆಯೇ ಇರಬಹುದೇ ಎಂಬ ಅನುಮಾನ ನನ್ನೊಳಗೂ ಇಣುಕಿತು. ಅದಕ್ಕೇ ಹೆಚ್ಚು ಸಿಟ್ಟು ಬಂತು. ಅದೇ ವಾರ ಆಗಸ್ಟ್ ಹದಿನೈದರ ನಾಟಕಕ್ಕೆ ಒಂದು ಬಾವುಟ ಮಾಡಬೇಕು, ಯಾರ ಮನೆಯಲ್ಲಾದರೂ ಬಿಳಿ ಖಾದಿ ಇದ್ದರೆ ತನ್ನಿ ಎಂದು ಮಿಸ್ ಹೇಳಿದರು. ನನ್ನ ತಲೆಯಲ್ಲಿ ಎರಡೂ ಕೂಡಿಕೊಂಡವು. ಚಳುವಳಿಯಲ್ಲೇ ನೂತ ಬಟ್ಟೆ ಮುಂದಿಟ್ಟರೆ ಯಾರು ಇಲ್ಲ ಅನ್ನುತ್ತಾರೆ? ದಾದಿಮಾ ಮೂರನೇ ಹೊತ್ತಿನ ನಮಾಜಿಗೆ ಕೂತಿದ್ದಾಗ ಟ್ರಂಕು ತೆಗೆದೆ. ಐದರಲ್ಲಿ ಒಂದು, ಬಾವುಟಕ್ಕೆ ಸರಿಹೋಗುವ ಅಳತೆಯದನ್ನು ಎತ್ತಿಕೊಂಡು ಉಳಿದದ್ದನ್ನು ಇದ್ದ ಹಾಗೇ ಸುತ್ತಿಟ್ಟೆ. ನಾಲ್ಕು ಇದೆಯಲ್ಲ, ಒಂದು ಹೋದರೇನು ಎಂದುಕೊಂಡೆ.

ಶಾಲೆಯಲ್ಲಿ ನಾವು ನಾಲ್ಕು ಹುಡುಗಿಯರು ನೆಲಕ್ಕೆ ಹಾಸಿ ಅದಕ್ಕೆ ಕೇಸರಿ ಬಳಿದೆವು, ಹಸಿರು ಬಳಿದೆವು. ಶಾಯಿಯಲ್ಲಿ ಚಕ್ರ ಬರೆದೆವು. ಕಡ್ಡಿಗಳು ಇಪ್ಪತ್ನಾಲ್ಕು ಬರಬೇಕಿತ್ತು, ಇಪ್ಪತ್ತೆರಡಕ್ಕೇ ಜಾಗ ಮುಗಿದುಹೋಯಿತು. ದಾದಿಮಾ ನೂತದ್ದು ಎಂದು ನಾನು ಹೇಳಿದೆ. ಗಲಾಟೆಯಲ್ಲಿ ಮಿಸ್ ಕಿವಿಗೆ ಬೀಳಲಿಲ್ಲ.

ಆಗಸ್ಟ್ ಹದಿನೈದರ ಬೆಳಿಗ್ಗೆ ದಾದಿಮಾ ಬುರ್ಖಾ ತೊಟ್ಟು ಗಂಗಮ್ಮನ ಜೊತೆ ಶಾಲೆಗೆ ಬಂದಳು. ಮೊಮ್ಮಗಳ ನಾಟಕ ನೋಡಲು ಬಂದಿದ್ದಳು, ಪಾಪ. ಬಾವುಟ ಹಿಡಿದು ಜನರ ಮಧ್ಯದಿಂದ ವೇದಿಕೆಗೆ ನಡೆದುಹೋಗುವುದು ನನ್ನ ಪಾತ್ರ. ಅವಳ ಬೆಂಚಿನ ಪಕ್ಕ ಹಾಯುವಾಗ ಬಾವುಟದಿಂದ ಕರ್ಪೂರದ ವಾಸನೆ ನನಗೇ ಬಂತು. ಬುರ್ಖಾದೊಳಗಿಂದ ಒಂದು ಕೈ ಹೊರಬಂದು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿತು. ನಾನು ನಿಂತುಬಿಟ್ಟೆ. ಮುಸುಕೆತ್ತಿದ್ದ ದಾದಿಮಾಳ ಮುಖ ಬಿಳುಚಿಕೊಂಡಿತ್ತು. ಅಂಚು ಬಿಟ್ಟು, ಬೆಂಚು ಹಿಡಿದುಕೊಂಡು ಎದ್ದು ನೆಟ್ಟಗೆ ನಿಂತಳು. ಅವಳು ನಿಂತಳೆಂದು ಗಂಗಮ್ಮ ನಿಂತಳು, ಆಮೇಲೆ ಸಾಲು ಸಾಲೇ ನಿಂತಿತು. ನಾನು ಹೆಮ್ಮೆಯಿಂದ ಮುಂದೆ ನಡೆದೆ.

ಕಾರ್ಯಕ್ರಮ ಮುಗಿದ ಮೇಲೆ ಮಿಸ್ಸನ್ನು ಕೈ ಹಿಡಿದು ಎಳೆದುಕೊಂಡೇ ಬಂದೆ.

“ಮಿಸ್, ಇವ್ರೇ ನಮ್ಮ ದಾದಿಮಾ. ಬಾವುಟದ ಬಟ್ಟೆ ಇವ್ರೇ ನೂತಿದ್ದು. ಚಳುವಳೀಲಿ!”

ಮಿಸ್ ಬಾವುಟವನ್ನೂ ದಾದಿಮಾಳನ್ನೂ ನೋಡಿದರು. “ಹೌದಾ ಅಮ್ಮಾ? ಕ್ಷಮಿಸ್ಬೇಕು, ಗೋಷಾದೋರು ಮನೇಲೇ ಇರ್ತಿದ್ರು ಅಂದ್ಕೊಂಡಿದ್ದೆ.”

“ಮನೇಲೇ ಇದ್ದೆ ತಾಯಿ,” ಎಂದಳು ದಾದಿಮಾ. “ಮನೇಲಿ ಕೂತು ಮಾಡೋ ಕೆಲಸಾನೇ ಬೇಕಾದಷ್ಟಿತ್ತು.”

ಬಾವುಟ ವಾಪಸ್ಸು ತೆಗೆದುಕೊಂಡು ಹೋಗಿ ಎಂದು ಮಿಸ್ ಮಡಿಸಿ ಕೊಡಲು ಬಂದರು. ದಾದಿಮಾ ಕೈ ಹಿಂದಕ್ಕೆ ತೆಗೆದುಕೊಂಡಳು. “ಬಾವುಟ ಕೊಟ್ಟು ವಾಪಸ್ ಇಸ್ಕೋತಾರಾ? ಇಲ್ಲೇ ಇರ್ಲಿ.”

ಮನೆಗೆ ಬಂದು ಗಂಗಮ್ಮ ವಿಷಯ ಹೇಳುತ್ತಿದ್ದಂತೆ ಅಮ್ಮಿ ಟ್ರಂಕು ತೆಗೆದಳು, ಎಣಿಸಿದಳು, ಬಂದು ನನ್ನ ಕೆನ್ನೆಗೆ ಬಾರಿಸಿದಳು. “ಅದು ಅವರ ಕಫನ್ ಕಣೇ! ತಲೆಗೆ ಹೊದಿಸೋ ಓಢನಿ! ಏನು ಮಾಡ್ಬಿಟ್ಟೆ ನೀನು!” ಎಂದು ತಾನೇ ಅತ್ತಳು. ಕಫನ್ ಎಂದರೇನು ಎಂದು ನನಗೆ ಗೊತ್ತಿತ್ತು, ಬೀದಿಯಲ್ಲಿ ಹೆಣ ಹೊತ್ತ ಜನಾಜಾ ಹೋಗುವುದನ್ನು ನೋಡಿದ್ದೆ. ಬದುಕಿರುವ ದಾದಿಮಾಳಿಗೂ ಅದಕ್ಕೂ ಸಂಬಂಧವಿರಬಹುದು ಎಂದು ಮಾತ್ರ ಹೊಳೆದಿರಲಿಲ್ಲ. ಹೆಂಗಸಿಗೆ ಐದು ತುಂಡು ಬೇಕು. ಈಗ ಅವಳ ಹತ್ತಿರ ಉಳಿದದ್ದು ನಾಲ್ಕು. ತಲೆಯದೇ ಇಲ್ಲ. ಅಬ್ಬಾ ಅಂಗಡಿಯಿಂದ ಒಳ್ಳೆಯ ಬಿಳಿ ಬಟ್ಟೆ ತರುತ್ತೇನೆ ಎಂದರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮೂರು ದಿನ ನನ್ನ ಜೊತೆ ಮಾತಿಲ್ಲ. ಚರಕವೂ ಆಡಲಿಲ್ಲ. ಊಟದ ಹೊತ್ತಿಗೆ ತಾನು ಮುರಿದ ಮುದ್ದೆಯಲ್ಲಿ ಒಂದು ತುಂಡನ್ನು ನನ್ನ ತಟ್ಟೆಗೆ ತಳ್ಳುವ ಅಭ್ಯಾಸ ಅವಳಿಗಿತ್ತು. ಅದು ನಿಂತಿತು. ಅಮ್ಮಿಯ ಏಟಿಗಿಂತ ಅದು ಹೆಚ್ಚು ಉರಿಯಿತು.

ನಾಲ್ಕನೇ ದಿನ ಮಧ್ಯಾಹ್ನ ಕರೆದಳು. ಅಳುತ್ತಲೇ ಹೋದೆ.

“ಬೈಯಕ್ಕೆ ಕರೀಲಿಲ್ಲ, ಕೂತ್ಕೋ. ಯಾಕೆ ತಗೊಂಡೆ?”

“ಮಿಸ್ ನಂಬ್ಲಿಲ್ಲ. ನೀನು ಚಳುವಳೀಲಿ ಇದ್ದೆ ಅಂದ್ರೆ ಎಲ್ರೂ ನಕ್ಕರು.”

ದಾದಿಮಾ ಹಂಜಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನಂಬದೇ ಇದ್ರೆ ಏನಾಯ್ತೇ ಹುಚ್ಚಿ? ಯಾರೂ ನಂಬಲ್ಲ ಅಂತಾನೇ ನಮ್ಮ ಕೈಲಿ ತಟ್ಟೆ ಕೊಟ್ಟು ಕಳಿಸ್ತಿದ್ರು. ಈ ಬುರ್ಖಾದೋಳಿಗೆ ಏನು ತಿಳೀತದೆ ಅಂದ್ಕೊಂಡ ಆ ಪೊಲೀಸಪ್ಪ. ಅಂದ್ಕೊಂಡಿದ್ದಕ್ಕೇ ಕೆಲಸ ಆಯ್ತು.”

ಆಮೇಲೆ ಸ್ವರ ಬದಲಾಯಿಸಿದಳು. “ಬಾವುಟಕ್ಕೆ ಹೋಯ್ತಲ್ಲ, ಅದಕ್ಕೆ ನನಗೆ ಬೇಜಾರಿಲ್ಲ. ಕೇಳ್ದೆ ತಗೊಂಡ್ಯಲ್ಲ, ಅದಕ್ಕೆ ಬೇಜಾರು. ನನ್ನ ಕಣ್ಣು ಈಗ ಸಣ್ಣ ಎಳೆ ತೆಗೆಯಲ್ಲ. ತಗೊಂಡೋಳು ನೀನು, ತುಂಬಿಕೊಡೋಳೂ ನೀನೇ. ಹಂಜಿ ಹಿಡಿ.”

ಹಾಗೆ ನಾನು ನೂಲಲು ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು. ಎಡಗೈ ಎಳೆದರೆ ಬಲಗೈ ಮರೆಯುತ್ತಿತ್ತು, ಎಳೆ ಕಡಿಯುತ್ತಿತ್ತು, ಸೇರಿಸಿದ ಕಡೆಯಲ್ಲೆಲ್ಲ ಗಂಟು. ದಿನಾ ಶಾಲೆಯಿಂದ ಬಂದು ಅರ್ಧ ಗಂಟೆ. ಬೀದಿಯಲ್ಲಿ ಕುಂಟೆಬಿಲ್ಲೆ ನಡೆಯುತ್ತಿದ್ದರೆ ನನ್ನ ಜೀವ ಕಿಟಕಿಯಲ್ಲಿ, ಕೈ ಚರಕದಲ್ಲಿ. ಆದರೆ ಮೊದಮೊದಲು ನನ್ನನ್ನು ಅಲ್ಲಿ ಕೂರಿಸಿದ್ದು ಭಯ. ನೂಲು ಮುಗಿಯುವ ಮೊದಲೇ ದಾದಿಮಾ ಸತ್ತುಹೋದರೆ? ಅವಳು ಕೆಮ್ಮಿದರೆ ಸಾಕು, ಎಲ್ಲಿದ್ದರೂ ಓಡಿಬಂದು ಚರಕಕ್ಕೆ ಕೂರುತ್ತಿದ್ದೆ. ಒಂದು ಚಳಿಗಾಲ ಪೂರ್ತಿ ಅವಳ ಕೆಮ್ಮಿಗೂ ನನ್ನ ನೂಲಿಗೂ ಪಂದ್ಯ ನಡೆಯಿತು. ಅವಳಿಗೆ ಇದು ಗೊತ್ತಾಗಿ, ಕುಂಟೆಬಿಲ್ಲೆಗೆ ಓಡುತ್ತಿದ್ದವಳನ್ನು ಹಿಡಿಯಲು ಸುಮ್ಮಸುಮ್ಮನೇ ಕೆಮ್ಮುವುದನ್ನೂ ಶುರುಮಾಡಿದಳು, ಕಳ್ಳಿ.

ವರ್ಷ ಕಳೆದು ಮತ್ತೆ ರಂಜಾನ್ ಬಂತು. ಸಂಜೆ ಗಂಗಮ್ಮನ ಮನೆಗೆ ತಟ್ಟೆ ಒಯ್ಯುವುದು ನನ್ನ ಕೆಲಸ. ಅವರು ಮಾಂಸ ಮುಟ್ಟದವರು, ಆದ್ದರಿಂದ ಅವರ ತಟ್ಟೆಗೆ ಹಣ್ಣು, ಖರ್ಜೂರ, ಗಸಗಸೆ ಪಾಯಸ ಮಾತ್ರ. ಮುಚ್ಚುವ ಬಟ್ಟೆ ದಾದಿಮಾಳ ಅದೇ ಹಳೆಯ ಕಸೂತಿಯದು. ಗಂಗಮ್ಮ ತಟ್ಟೆಯನ್ನು ಬರಿದಾಗಿ ಕಳಿಸಿದವಳಲ್ಲ. ಒಬ್ಬಟ್ಟೋ ನುಗ್ಗೇಕಾಯೋ ಏನಾದರೊಂದು ಇಟ್ಟೇ ಕಳಿಸುವಳು. ಆ ಸಲ ತಟ್ಟೆ ಕೊಡುತ್ತಾ ಕೇಳಿದಳು.

“ನೂಲು ಎಲ್ಲಿಗೆ ಬಂತು ಪುಟ್ಟಿ? ಇನ್ನೊಂದು ಲಡಿ ಆದ್ರೆ ನಮ್ಮಣ್ಣ ಮಗ್ಗಕ್ಕೆ ಹಾಕ್ತಾನಂತೆ.”

ಇನ್ನೊಂದೇ ಲಡಿ! ಮುಗಿದರೆ ಐದೂ ತುಂಡು ತಯಾರು, ತಯಾರಾದ ಮೇಲೆ ದಾದಿಮಾ ಹೊರಡುವುದೊಂದೇ ಬಾಕಿ. ಅಷ್ಟು ದಿನ ಮುಗಿಯಲಿ ಎಂದು ಓಡಿದವಳು ಅವತ್ತಿನಿಂದ ಮುಗಿಯಬಾರದು ಎಂದು ಕೂತೆ. ಬೇಕೆಂದೇ ಎಳೆ ಕಡಿದೆ. ನೂತದ್ದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಒಂದು ತಿಂಗಳು ಹೀಗೇ ನಡೆಯಿತು. ಕೊನೆಗೆ ಅಕ್ಕಿ ಅಳೆಯಲು ಹೋದ ಅಮ್ಮಿಗೆ ಸಿಕ್ಕಿ, ಅವಳು ಅದನ್ನು ತಂದು ದಾದಿಮಾಳ ಮಡಿಲಿಗೆ ಹಾಕಿದಳು. ದಾದಿಮಾ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಖಾದಿಗೆ ಸೀಗೆಪುಡಿಯ ವಾಸನೆ ಇತ್ತು.

“ಪ್ರಾಣ ಒಯ್ಯೋ ಫರಿಶ್ತೆ ನಿನ್ನ ಲಡಿ ಎಣಿಸ್ಕೊಂಡು ಬರಲ್ಲ ಕಣೇ. ಬರೋವಾಗ ಬರ್ತಾನೆ. ಬಂದಾಗ ಬಟ್ಟೆ ರೆಡಿ ಇದ್ರೆ ನಿಶ್ಚಿಂತೆ. ನಿನ್ನ ನಿಕಾಹ್ ನೋಡ್ದೆ ನಾನಂತೂ ಎಲ್ಲಿಗೂ ಹೋಗಲ್ಲ. ಆಯ್ತಾ? ನೂಲು.”

ನೂತು ಮುಗಿಸಿದೆ. ಗಂಗಮ್ಮನ ಅಣ್ಣ ಅದನ್ನು ನೇಯುವಷ್ಟರಲ್ಲಿ ಬೇಸತ್ತು, ಇಂಥ ನೂಲು ಜನ್ಮದಲ್ಲಿ ಮುಟ್ಟಿಲ್ಲ, ಮೊಳಕ್ಕೆ ನೂರು ಸಲ ಕಡಿಯಿತು ಎಂದು ಹೇಳಿ ಕಳಿಸಿದ. ಬಟ್ಟೆಯ ತುಂಬ ಗಂಟು, ಒಂದು ಅಂಚು ಸೊಟ್ಟ. ದಾದಿಮಾ ಅದನ್ನು ಕನ್ನಡಕ ಹಾಕಿಕೊಂಡು ನೋಡಿ, ಬಿಚ್ಚಿ ನೋಡಿ, ತಲೆಯ ಮೇಲೆ ಹಾಕಿ ನೋಡಿ, “ಚುಚ್ಚುತ್ತೆ,” ಎಂದಳು. ಆಮೇಲೆ ಕರ್ಪೂರ ಹಾಕಿ ಉಳಿದ ನಾಲ್ಕರ ಮೇಲೆ ಇಟ್ಟು ಟ್ರಂಕು ಮುಚ್ಚಿದಳು. ಅವತ್ತು ರಾತ್ರಿಯ ಊಟದಲ್ಲಿ ಮುದ್ದೆಯ ತುಂಡು ನನ್ನ ತಟ್ಟೆಗೆ ಬಂತು.

ಕೊಟ್ಟ ಮಾತಿಗೆ ಅವಳು ಬಡ್ಡಿ ಸೇರಿಸಿಯೇ ಬದುಕಿದಳು. ನನ್ನ ನಿಕಾಹ್ ನೋಡಿದಳು, ನನ್ನ ಮಗಳನ್ನು ಎತ್ತಿ ಆಡಿಸಿದಳು. ಒಂದು ಬೆಳಿಗ್ಗೆ ನಮಾಜಿನ ಚಾಪೆಯ ಮೇಲೇ ವಾಲಿಕೊಂಡಳು. ನಾನು ನಂದಿನಿ ಲೇಔಟಿನಿಂದ ಆಟೋದಲ್ಲಿ ಬರುವಷ್ಟರಲ್ಲಿ ಗಂಗಮ್ಮ ನಲ್ಲಿಯ ಹತ್ತಿರ ನೀರು ಕಾಯಿಸುತ್ತಿದ್ದಳು. ಆ ದಿನ ನಮ್ಮ ಒಲೆ ಹೊತ್ತಬಾರದು ಎಂದು ಅಡುಗೆಯನ್ನೂ ತನ್ನ ಮನೆಯಲ್ಲೇ ಇಟ್ಟಿದ್ದಳು. ದಾದಿಮಾಳನ್ನು ಹೆಂಗಸರೇ ಸ್ನಾನ ಮಾಡಿಸಿದೆವು. ಮೈಯ್ಯತ್ತಿಗೆ ಕಫನ್ ತೊಡಿಸುವ ಕೆಲಸ ಗೊತ್ತಿದ್ದ ಹಿರಿಯ ಹೆಂಗಸೊಬ್ಬಳು ಬಂದು ಟ್ರಂಕಿನ ಗಂಟು ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಹಾಸಿದಳು. ನಾಲ್ಕು ತುಂಡು ಹಾಲಿನ ಕೆನೆಯಷ್ಟು ನುಣುಪು. ಐದನೆಯದನ್ನು ಕೈಗೆತ್ತಿಕೊಂಡವಳು ಮುಖ ಹಿಂಡಿದಳು.

“ಇದ್ಯಾಕಮ್ಮ ಹೀಗೈತೆ, ಗಂಟು ಗಂಟು? ಮುಖದ ಮೇಲೆ ಬರೋ ಬಟ್ಟೆ. ಅಂಗಡೀಲಿ ಒಳ್ಳೇದು ಸಿಗ್ತದೆ, ಯಾರನ್ನಾದ್ರೂ ಕಳಿಸಿ.”

ಹತ್ತನೇ ವಯಸ್ಸಿನ ಕಳ್ಳತನ ಮತ್ತೆ ಎಲ್ಲರ ಮುಂದೆ ಬಯಲಾದಂತೆ ತಲೆ ತಗ್ಗಿಸಿದೆ. ಮಾತಾಡಿದವಳು ಅಮ್ಮಿ. ಜೀವಮಾನವೆಲ್ಲ ಖಾದಿಯ ಮೇಲೆ ಜಗಳವಾಡಿದವಳು, ಅವತ್ತೂ ನೈಲಾನ್ ಸೀರೆಯಲ್ಲೇ ಇದ್ದವಳು, ಆ ತುಂಡನ್ನು ಆ ಹಿರಿಯ ಹೆಂಗಸಿನ ಕೈಯಿಂದ ತೆಗೆದುಕೊಂಡು ಎದೆಗೊತ್ತಿ ಹಿಡಿದಳು.

“ಅಂಗಡಿ ಬಟ್ಟೆ ಅವರ ತಲೆ ಮೇಲೆ ಹಾಕಿದ್ರೆ ಎದ್ದು ಕೂತು ಬೈತಾರೆ. ಇದನ್ನೇ ಹೊದಿಸಿ.”

ಹೊದಿಸಿದ್ದು ನಾನು. ಸೊಟ್ಟ ಅಂಚನ್ನು ಹಿಂದಕ್ಕೆ ಮಾಡಿ, ನರೆತ ಕೂದಲನ್ನು ಎರಡು ಭಾಗ ಮಾಡಿ ಎದೆಯ ಮೇಲೆ ತಂದು, ಮೇಲೆ ಓಢನಿ ಎಳೆದೆ. ಬೆರಳಿಗೆ ಸಿಕ್ಕ ಒಂದೊಂದು ಗಂಟೂ ಯಾವ ಸಂಜೆಯದು ಎಂದು ನೆನಪಾಗುವಂತಿತ್ತು.

ಹೀಗಾಗಿ, ಮಗು, ನಿನ್ನ ಮಿಸ್‌ಗೆ ಕೊಡಲು ನನ್ನ ಹತ್ತಿರ ಪ್ರೂಫ್ ಏನೂ ಇಲ್ಲ. ಬಾವುಟ ಶಾಲೆಯಲ್ಲೇ ಉಳಿಯಿತು, ಮಿಕ್ಕಿದ್ದನ್ನೆಲ್ಲ ಅವಳಿಗೇ ತೊಡಿಸಿ ಕಳಿಸಿದೆವು. ತಲೆಯ ಮೇಲೆ ಬಟ್ಟೆಯಿಲ್ಲದೆ ಎಂದೂ ಹೊಸಿಲು ದಾಟದ ದಾದಿಮಾ, ಅವತ್ತು ನಾನು ನೂತದ್ದನ್ನು ಹೊದ್ದು ದಾಟಿದಳು.